ಕಾಲೇಜು ಹುಡುಗನ ಕ್ಯಾಮೆರಾ

ಮಕ್ಕಳನ್ನು ಪಟ್ಟಣದ ಕಾಲೇಜಿಗೆ ಕಳುಹಿಸಿರುವ ನಮ್ಮ ಕಡೆಯ ತಂದೆತಾಯಿಗಳಿಂದ ಈಚಿನ ವರ್ಷಗಳಲ್ಲಿ ನಾವು ಮತ್ತೆ ಮತ್ತೆ ಕೇಳುತ್ತಿರುವ ಆಕ್ಷೇಪಣೆ ಒಂದುಂಟು. “ಮೇಷ್ಟ್ರೇ, ಹುಡುಗ ಓದಕ್ಕೆ ಹೋಗವ್ನೋ, ಪಟ ಹಿಡಿಯಕ್ಕೆ ಹೋಗವ್ನೋ, ಒಂದೂ ತಿಳೀದು!” ಹುಡುಗನು ಕಾಲೇಜಿನಲ್ಲಿ ಯಾವುದೋ ಪರಿಸರ ಸಂಘಕ್ಕೆ ಸೇರಿದ್ದಾನೆ, ಭಾನುವಾರ ಬಂತೆಂದರೆ ಕ್ಯಾಮೆರಾ ಹೆಗಲಿಗೇರಿಸಿ ಗುಡ್ಡಗಾಡು ಸುತ್ತುತ್ತಾನೆ, ಕೆರೆ ಉಳಿಸಿ, ಮರ ಉಳಿಸಿ ಎಂದು ಫಲಕ ಹಿಡಿದು ಬೀದಿಯಲ್ಲಿ ನಿಲ್ಲುತ್ತಾನೆ. ಇತ್ತ ಮನೆಯಲ್ಲಿ ಕಡಲೆಕಾಯಿ ಮಾರಿದ ಹಣವನ್ನು ಒಟ್ಟುಗೂಡಿಸಿ ಶುಲ್ಕ ಕಟ್ಟಿದವರಿಗೆ ಇದು ಚಿಂತೆಯ ವಿಷಯವಾಗುವುದು ಸಹಜವೇ ಸರಿ. ಹುಡುಗಿಯಾದರಂತೂ ಚಿಂತೆ ಇಮ್ಮಡಿ. ಈ ಚಿಂತೆಯನ್ನು ಹಗುರವಾಗಿ ತಳ್ಳಿಹಾಕುವುದು ನಮ್ಮ ಉದ್ದೇಶವಲ್ಲ. ಆದರೆ ಆ ಹುಡುಗನ ಕೈಯಲ್ಲಿರುವ ಉಪಕರಣಕ್ಕೂ ನಮ್ಮ ಈ ಗಡಿಸೀಮೆಯ ನೆಲಕ್ಕೂ ಇರುವ ಸಂಬಂಧವನ್ನು ಸ್ವಲ್ಪ ವಿಚಾರಮಾಡಿ ನೋಡಿದ ಮೇಲೆ ತೀರ್ಮಾನಕ್ಕೆ ಬರುವುದು ಲೇಸು.

ಮೊದಲು ಕಾಲೇಜಿನ ಮಾತು. ಪಾಠದ ಹೊರಗೆ ವಿದ್ಯಾರ್ಥಿಯು ಸಮಾಜದ ಕೆಲಸಕ್ಕೆ ಕೈಹಾಕುವುದು ಹೊಸ ಹುಚ್ಚೇನೂ ಅಲ್ಲ. ಗಾಂಧಿ ಶತಾಬ್ದಿಯ ವರ್ಷವಾದ 1969ರಲ್ಲಿ 37 ವಿಶ್ವವಿದ್ಯಾಲಯಗಳಲ್ಲಿ ರಾಷ್ಟ್ರೀಯ ಸೇವಾ ಯೋಜನೆ ಆರಂಭವಾದುದು ಈ ಉದ್ದೇಶಕ್ಕಾಗಿಯೇ. ಮುಂದೆ 1979ರಲ್ಲಿ ದೆಹಲಿಯ ವಿದ್ಯಾರ್ಥಿಗಳು ತಮ್ಮ ನಗರದ ‘ರಿಡ್ಜ್’ ಎಂಬ ಕುರುಚಲು ಕಾಡನ್ನು ಕಡಿಯುವುದರ ವಿರುದ್ಧ ನಿಂತು, ‘ಕಲ್ಪವೃಕ್ಷ’ ಎಂಬ ಸಂಸ್ಥೆಯನ್ನು ಕಟ್ಟಿಕೊಂಡರು. ಆ ಸಂಸ್ಥೆ ಇಂದಿಗೂ ಕೆಲಸ ಮಾಡುತ್ತಿದೆ. 1991ರ ನವೆಂಬರಿನಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವು ಶಾಲೆ ಕಾಲೇಜುಗಳಲ್ಲಿ ಪರಿಸರದ ಪಾಠವನ್ನು ಕಡ್ಡಾಯವಾಗಿ ಹೇಳಿಕೊಡಬೇಕೆಂದು ಆದೇಶಿಸಿತು. ಹೀಗಿರುವಲ್ಲಿ ಹುಡುಗನು ಪರಿಸರದ ಮಾತನ್ನು ಪುಸ್ತಕದಿಂದ ಹೊಲಕ್ಕೆ ಕೊಂಡೊಯ್ದನೆಂದರೆ, ಅವನು ಪಾಠ ಬಿಟ್ಟು ಓಡಿದನೆಂದು ತಿಳಿಯುವುದಕ್ಕಿಂತ, ಪಾಠವನ್ನು ನಿಜವೆಂದು ನಂಬಿದನೆಂದು ತಿಳಿಯುವುದು ನ್ಯಾಯವಲ್ಲವೆ?

ಇನ್ನು ಕ್ಯಾಮೆರಾದ ಮಾತು. ಚಿತ್ರ ತೆಗೆಯುವುದು ಬರಿಯ ಶೋಕಿ ಎಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಆದರೆ ಒಂದು ಚಿತ್ರ ಎಂಥ ಕೆಲಸ ಮಾಡಬಲ್ಲುದೆಂಬುದಕ್ಕೆ ಹಳೆಯ ನಿದರ್ಶನವೊಂದಿದೆ. 1871ರಲ್ಲಿ ಅಮೆರಿಕದ ಯೆಲ್ಲೋಸ್ಟೋನ್ ಎಂಬ ಸೀಮೆಗೆ ಹೊರಟ ಸರ್ಕಾರಿ ಸಮೀಕ್ಷಾ ತಂಡದ ಜೊತೆಯಲ್ಲಿ ವಿಲಿಯಂ ಹೆನ್ರಿ ಜಾಕ್ಸನ್ ಎಂಬ ಛಾಯಾಗ್ರಾಹಕನಿದ್ದನು. ಭಾರವಾದ ಗಾಜಿನ ಫಲಕಗಳನ್ನು ಹೇಸರಗತ್ತೆಗಳ ಮೇಲೆ ಹೇರಿಕೊಂಡು ಹೋಗಿ ಅವನು ಅಲ್ಲಿನ ಬಿಸಿನೀರಿನ ಬುಗ್ಗೆಗಳನ್ನೂ ಜಲಪಾತಗಳನ್ನೂ ಚಿತ್ರಿಸಿ ತಂದನು. ಅಂಥದೊಂದು ಸೀಮೆಯಿದೆ ಎಂಬ ಸುದ್ದಿಯನ್ನು ಕಟ್ಟುಕಥೆಯೆಂದು ನಗುತ್ತಿದ್ದವರು ಆ ಚಿತ್ರಗಳನ್ನು ಕಂಡು ಸುಮ್ಮನಾದರು. ಮರುವರ್ಷ, 1872ರಲ್ಲಿ, ಆ ಸೀಮೆಯನ್ನು ರಾಷ್ಟ್ರೀಯ ಉದ್ಯಾನವೆಂದು ಕಾಪಾಡುವ ಶಾಸನವಾಯಿತು. ಚಿತ್ರವೊಂದರಿಂದಲೇ ಅದಾಯಿತೆಂದು ನಾವು ಹೇಳುವುದಿಲ್ಲ. ಆದರೆ ಕಾಣದವರಿಗೆ ಕಾಣಿಸುವ ಕೆಲಸವನ್ನು ಆ ಚಿತ್ರಗಳು ಮಾಡಿದವೆಂಬುದು ನಿಶ್ಚಯ.

ಅಮೆರಿಕದ ಮಾತು ದೂರದ್ದಾಯಿತು. ಉಪಾಧ್ಯಾಯರ ತರಬೇತಿಯಲ್ಲಿ ಮೊದಲು ಹೇಳಿಕೊಡುವ ಸೂತ್ರವೇ ಹತ್ತಿರದಿಂದ ದೂರಕ್ಕೆ, ತಿಳಿದುದರಿಂದ ತಿಳಿಯದುದಕ್ಕೆ ಹೋಗಬೇಕೆಂಬುದು. ಆ ಸೂತ್ರಕ್ಕೆ ಮರಳಿ, ನಮ್ಮ ಮಡಕಶಿರಾ ಸೀಮೆಯ ಮಗ್ಗುಲಲ್ಲಿಯೇ ಇರುವ ಒಂದು ಬಯಲನ್ನು ನೋಡೋಣ.

ತುಮಕೂರು ಜಿಲ್ಲೆಯ ಮಧುಗಿರಿ ತಾಲ್ಲೂಕಿನ ಈಶಾನ್ಯದ ತುದಿಯಲ್ಲಿ, ಆಂಧ್ರದ ಗಡಿಗೆ ತಾಗಿದಂತೆ ಮೈದನಹಳ್ಳಿ ಇದೆ. ಅಲ್ಲಿಗೆ ಹತ್ತಿರದ ರೈಲು ನಿಲ್ದಾಣ ನಮ್ಮ ಹಿಂದೂಪುರವೇ. ಊರಿನ ಬಳಿ 798 ಎಕರೆಗಳ ಒಂದು ಹುಲ್ಲುಗಾವಲು. ನಡುನಡುವೆ ಮರಗಳ ತೋಪು. ದಾರಿಹೋಕನ ಕಣ್ಣಿಗೆ ಅದು ಬರಿಯ ಬೀಳು. ಆದರೆ ಬೆಳಗಿನ ಹೊತ್ತು ಸದ್ದುಮಾಡದೆ ಕುಳಿತು ನೋಡಿದವನಿಗೆ ಅಲ್ಲಿ ಕೃಷ್ಣಮೃಗಗಳ ಹಿಂಡು ಕಾಣುತ್ತದೆ. ಗಂಡಿನ ಮೈ ಮೇಲುಗಡೆ ಕಪ್ಪು, ಹೊಟ್ಟೆ ಬಿಳುಪು, ತಿರುಪಿನಂತೆ ಸುತ್ತಿಕೊಂಡ ಉದ್ದನೆಯ ಕೊಂಬು; ಹೆಣ್ಣಿಗೆ ಕೊಂಬಿಲ್ಲ, ಮೈ ಕಂದು. ಓಟವೇ ಅದರ ರಕ್ಷೆ. ದೂರದಿಂದಲೇ ಶತ್ರುವನ್ನು ಕಂಡು ಬಯಲಿನಲ್ಲಿ ಚಿಮ್ಮಿ ಓಡುವ ಈ ಪ್ರಾಣಿಗೆ ದಟ್ಟವಾದ ಕಾಡು ಬೇಡ; ಬೇಕಾದುದು ತೆರೆದ ಹುಲ್ಲುಬಯಲು. ಕರ್ನಾಟಕದಲ್ಲಿ ರಾಣೆಬೆನ್ನೂರಿನ ಅಭಯಾರಣ್ಯವನ್ನು ಬಿಟ್ಟರೆ ಕೃಷ್ಣಮೃಗಗಳಿಗೆ ಹೆಸರಾದ ತಾಣ ಇದೇ.

ತುಮಕೂರಿನ ನಿಸರ್ಗಾಸಕ್ತರು ಕೂಡಿ ಕಟ್ಟಿಕೊಂಡ ‘ವೈಲ್ಡ್‌ಲೈಫ್ ಅವೇರ್ ನೇಚರ್ ಕ್ಲಬ್’ ಎಂಬ ಹವ್ಯಾಸಿ ಬಳಗವು ಈ ಬಯಲಿಗೆ ಹೋಗಿಬಂದು, ಅಲ್ಲಿನ ಪ್ರಾಣಿಪಕ್ಷಿಗಳನ್ನು ದಾಖಲಿಸಿ, ಇದಕ್ಕೆ ರಕ್ಷಣೆ ಬೇಕೆಂದು ಹೇಳುತ್ತ ಬಂದ ಬಳಗಗಳಲ್ಲಿ ಒಂದು. ಅವರ ಕೈಯಲ್ಲಿ ಅಧಿಕಾರವಿರಲಿಲ್ಲ. ನೋಡುವ ಕಣ್ಣು, ಬರೆದಿಡುವ ಪುಸ್ತಕ, ಚಿತ್ರ ಹಿಡಿಯುವ ಕ್ಯಾಮೆರಾ ಇದ್ದವು. ಕೊನೆಗೆ 2007ರಲ್ಲಿ ಈ ಬಯಲು ‘ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು’ ಎಂದು ಘೋಷಿತವಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರಲ್ಲಿ ತಂದ ತಿದ್ದುಪಡಿಯಲ್ಲಿ ‘ಸಂರಕ್ಷಣಾ ಮೀಸಲು’ ಎಂಬ ಹೊಸ ವರ್ಗವೊಂದು ಸೇರಿತ್ತು. ಸುತ್ತಲ ಜನರೊಡನೆ ಸಮಾಲೋಚಿಸಿ ಸರ್ಕಾರಿ ನೆಲವನ್ನು ಹೀಗೆ ಮೀಸಲಿಡಬಹುದು. ಅದರ ಸಮಿತಿಯಲ್ಲಿ ಗ್ರಾಮ ಪಂಚಾಯತಿಯ ಪ್ರತಿನಿಧಿಗೂ ಸ್ಥಾನವುಂಟು.

ಈ ಪ್ರಸಂಗದಿಂದ ನಾವು ಕಲಿಯಬೇಕಾದ ಪಾಠ ಇಷ್ಟು. ಯಾವುದನ್ನು ಯಾರೂ ಎಣಿಸಿಲ್ಲವೋ, ಯಾರೂ ಚಿತ್ರಿಸಿಲ್ಲವೋ, ಅದು ಕಚೇರಿಯ ಕಡತದಲ್ಲಿ ಇಲ್ಲವೇ ಇಲ್ಲ. ಮರವಿಲ್ಲದ ನೆಲವೆಲ್ಲ ನಮ್ಮ ದೇಶದ ದಾಖಲೆಗಳಲ್ಲಿ ಬಹುಮಟ್ಟಿಗೆ ‘ಬಂಜರು’ ಎಂಬ ತಲೆಬರಹದ ಕೆಳಗೆ ಬೀಳುತ್ತದೆ. ಬಂಜರು ಎಂದಮೇಲೆ ಅದನ್ನು ಯಾರಿಗೆ ಕೊಟ್ಟರೇನು, ಏನು ಮಾಡಿದರೇನು? 1950ರಿಂದ ವನಮಹೋತ್ಸವ ನಡೆಸುತ್ತ ಬಂದ ನಾವೆಲ್ಲರೂ ಸಸಿ ನೆಡುವುದೊಂದೇ ಪರಿಸರ ಸೇವೆ ಎಂದು ನಂಬಿದ್ದೇವೆ. ಕೃಷ್ಣಮೃಗದ ಬಯಲಿನಲ್ಲಿ ಒತ್ತಾಗಿ ಸಸಿ ನೆಟ್ಟರೆ ಅದರ ಓಟದ ದಾರಿಯನ್ನೇ ಮುಚ್ಚಿದಂತಾಗುತ್ತದೆ ಎಂಬ ತಿಳಿವಳಿಕೆ, ಅಲ್ಲಿ ಹೋಗಿ ಕುಳಿತು ನೋಡಿದವನಿಗೆ ಮಾತ್ರ ಹುಟ್ಟುತ್ತದೆ. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯಂತೆ, ದೂರದ ಮಲೆನಾಡಿನ ಹಸುರನ್ನು ಕಂಡು ಹಿಗ್ಗುವ ನಮ್ಮ ಮಕ್ಕಳು ಮನೆಯ ಹಿಂದಿನ ಹುಲ್ಲುಬಯಲನ್ನು ಕಣ್ಣೆತ್ತಿಯೂ ನೋಡರು. ಕ್ಯಾಮೆರಾ ಅವರನ್ನು ನೋಡುವಂತೆ ಮಾಡಿದರೆ ಅದೇ ದೊಡ್ಡ ಉಪಕಾರ.

ಇಲ್ಲಿ ಗಡಿಯ ಸಂಗತಿ ಮುಖ್ಯವಾಗುತ್ತದೆ. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಜಯಮಂಗಲಿ ನದಿ ಮಧುಗಿರಿ ಸೀಮೆಯನ್ನು ದಾಟಿ ಬಂದು ಹಿಂದೂಪುರದ ಕಡೆಯ ಪರಿಗಿಯ ಬಳಿ ಉತ್ತರ ಪಿನಾಕಿನಿಯನ್ನು ಸೇರುತ್ತದೆ. ನದಿಗೆ ರಾಜ್ಯದ ಕಲ್ಲು ಕಾಣುವುದಿಲ್ಲ, ಜಿಂಕೆಗೂ ಕಾಣುವುದಿಲ್ಲ. ಕೃಷ್ಣಮೃಗವು ಆಂಧ್ರಪ್ರದೇಶದ ರಾಜ್ಯಪ್ರಾಣಿ ಎಂಬುದನ್ನು ನಮ್ಮ ಮಕ್ಕಳು ಸಾಮಾನ್ಯ ಜ್ಞಾನದ ಪುಸ್ತಕದಲ್ಲಿ ಬಾಯಿಪಾಠ ಮಾಡುತ್ತಾರೆ. ಅದೇ ಪ್ರಾಣಿ ತಮ್ಮ ಊರಿನಿಂದ ಬಸ್ಸಿನ ದಾರಿಯಲ್ಲಿದೆ ಎಂಬುದನ್ನು ಮಾತ್ರ ಅರಿಯರು. ಗಡಿಯ ನೆಲಕ್ಕೆ ಇರುವ ಕೇಡೆಂದರೆ, ಆಚೆಯವರು ಅದನ್ನು ಈಚೆಯವರದೆಂದೂ, ಈಚೆಯವರು ಆಚೆಯವರದೆಂದೂ ಬಿಟ್ಟುಬಿಡುವುದು. ನಡುವೆ ಸೇತುವೆಯಾಗಿ ನಿಲ್ಲಬಲ್ಲವರು ಯಾರು? ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು ಆಡುವ ನಮ್ಮ ಮಕ್ಕಳು. ಕುರಿ ಕಾಯುವ ಅಜ್ಜನು ‘ಕೃಷ್ಣಜಿಂಕ’ ಎಂದರೂ ‘ಕೃಷ್ಣಮೃಗ’ ಎಂದರೂ ಅವರಿಗೆ ತಿಳಿಯುತ್ತದೆ. ಮಡಕಶಿರಾ ಈಗ 2022ರಲ್ಲಿ ರಚಿತವಾದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಪುಟ್ಟಪರ್ತಿಯ ಜಿಲ್ಲಾ ಕಚೇರಿಗೆ ತೆಲುಗಿನಲ್ಲಿಯೂ, ತುಮಕೂರಿನ ಕಚೇರಿಗೆ ಕನ್ನಡದಲ್ಲಿಯೂ ಒಂದೇ ಅರ್ಜಿಯನ್ನು ಬರೆಯಬಲ್ಲ ಶಕ್ತಿ ಬೆಂಗಳೂರಿನ ಹುಡುಗನಿಗಿಲ್ಲ, ಹೈದರಾಬಾದಿನ ಹುಡುಗನಿಗಿಲ್ಲ. ರೊಳ್ಳ, ಅಮರಾಪುರಗಳ ಹುಡುಗನಿಗಿದೆ. ಎರಡು ನುಡಿಯ ನಡುವೆ ಸಿಕ್ಕಿಬಿದ್ದೆವೆಂದು ಕೊರಗುವ ನಾವು ಈ ಶಕ್ತಿಯನ್ನು ಲೆಕ್ಕಕ್ಕೆ ಹಿಡಿದೇ ಇಲ್ಲ.

ಇನ್ನು ರಾಯದುರ್ಗದ ಕಡೆಗೆ ತಿರುಗೋಣ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಬಹುಭಾಗ ಮೈಸೂರಿಗೆ ಸೇರಿದಾಗ, ಆದವಾನಿ, ಆಲೂರುಗಳೊಡನೆ ರಾಯದುರ್ಗವು ಆಂಧ್ರದ ಪಾಲಾಯಿತು. ಅಲ್ಲಿನ ಸಂಕಟ ಬೇರೆ ಬಗೆಯದು. ಬಾಬಾಬುಡನ್ ಬೆಟ್ಟಗಳ ಕಡೆಯಿಂದ ಬರುವ ವೇದಾವತಿಗೆ ನಮ್ಮ ಕಡೆ ಹಗರಿ ಎಂಬ ಹೆಸರು. ಮೇಲೆ ಹಿರಿಯೂರಿನ ಬಳಿ 1907ರಲ್ಲಿ ಮುಗಿದ ವಾಣಿವಿಲಾಸ ಸಾಗರ. ಕೆಳಗೆ ಗುಮ್ಮಗಟ್ಟ ಮಂಡಲದಲ್ಲಿ ಭೈರವಾನಿತಿಪ್ಪ ಜಲಾಶಯ. ಹೊಳೆಯಲ್ಲಿ ನೀರು ಹರಿಯುವ ದಿನಗಳು ಕಡಿಮೆಯಾದಂತೆ ಒಣಗಿದ ಪಾತ್ರದ ಮರಳು ಮೇಲೆದ್ದಿತು. ಆಷಾಢದ ಗಾಳಿ ನೈಋತ್ಯದಿಂದ ಬೀಸತೊಡಗಿತೆಂದರೆ ಆ ಮರಳು ಹೊಲದ ಮೇಲೆ ಬಂದು ಕೂರುತ್ತದೆ. ಕಣೇಕಲ್ಲು, ಬೊಮ್ಮನಹಾಳು ಮಂಡಲಗಳಲ್ಲಿ, ದರ್ಗಾ ಹೊನ್ನೂರಿನ ಸುತ್ತಮುತ್ತ, ಮರಳಿನ ದಿಬ್ಬಗಳನ್ನು ಕಂಡವರು ರಾಜಸ್ಥಾನವನ್ನು ನೆನೆಯುತ್ತಾರೆ. ವರ್ಷಕ್ಕೆ ಸುಮಾರು 550 ಮಿಲಿಮೀಟರು ಮಳೆಯಷ್ಟೇ ಕಾಣುವ ಅನಂತಪುರ ಸೀಮೆಯಲ್ಲಿ ಒಂದು ಹೊಲ ಮರಳಿನಡಿ ಹೋದರೆ ಒಂದು ಮನೆತನವೇ ಗುಳೆ ಹೋದಂತೆ.

ಇಂಥ ಕಡೆ ಒಬ್ಬ ವಿದ್ಯಾರ್ಥಿಯು ಏನು ಮಾಡಬಹುದು? ದಿಬ್ಬದ ಮೇಲೆ ಸೂರ್ಯ ಮುಳುಗುವ ಅಂದವಾದ ಚಿತ್ರವನ್ನು ತೆಗೆದು ಸ್ನೇಹಿತರಿಗೆ ತೋರಿಸಬಹುದು. ಅದರಿಂದ ರೈತನಿಗೆ ಆಗುವ ಲಾಭ ಸೊನ್ನೆ. ಅದೇ ಹುಡುಗನು ಒಂದು ಬೇವಿನ ಮರವನ್ನೋ, ಒಂದು ಗಡಿಕಲ್ಲನ್ನೋ ಗುರುತು ಮಾಡಿಕೊಂಡು, ಪ್ರತಿವರ್ಷವೂ ಅದೇ ದಿನ, ಅದೇ ಜಾಗದಲ್ಲಿ ನಿಂತು, ಅದೇ ದಿಕ್ಕಿಗೆ ಕ್ಯಾಮೆರಾ ತಿರುಗಿಸಿ ಚಿತ್ರ ತೆಗೆದಿಟ್ಟನೆನ್ನಿ. ಮೂರು ವರ್ಷದ ಪದವಿ ಮುಗಿಯುವಷ್ಟರಲ್ಲಿ ಮರಳು ಎಷ್ಟು ಹೆಜ್ಜೆ ಮುಂದೆ ಬಂತು, ಎಷ್ಟು ಗಿಡ ಮುಳುಗಿತು ಎಂಬುದಕ್ಕೆ ಅಲ್ಲಗಳೆಯಲಾಗದ ಸಾಕ್ಷಿ ಸಿದ್ಧವಾಗುತ್ತದೆ. ಅವನ ಬಳಿಕ ತಮ್ಮನೋ ತಂಗಿಯೋ ಮುಂದುವರಿಸಿದರೆ ಹತ್ತು ವರ್ಷದ ಇತಿಹಾಸವಾಗುತ್ತದೆ. ಹಿಂದೆ ಒಂದು ಸುರುಳಿಗೆ 36 ಚಿತ್ರ. ಅದನ್ನು ತೊಳೆಸಿ ಮುದ್ರಿಸಲು ಪಟ್ಟಣಕ್ಕೆ ಹೋಗಬೇಕು, ಹಣ ತೆರಬೇಕು. ಇಂದು ಮೊಬೈಲು ಫೋನೇ ಕ್ಯಾಮೆರಾ. ಖರ್ಚು ಇಲ್ಲವೆಂದರೂ ಸಲ್ಲುತ್ತದೆ. ಕೊರತೆಯಾಗಿರುವುದು ಅದೇ ಜಾಗಕ್ಕೆ ಮರಳಿ ಹೋಗುವ ತಾಳ್ಮೆ ಮಾತ್ರ.

ಸಾಕ್ಷಿಯ ಬೆಲೆಯೇನೆಂಬುದನ್ನು ರಾಯದುರ್ಗದವರಿಗೆ ಬೇರೆಯಾಗಿ ಹೇಳಬೇಕಾಗಿಲ್ಲ. ಡಿ. ಹಿರೇಹಾಳು ಮಂಡಲದ ಓಬಳಾಪುರ ಮತ್ತು ಬಳ್ಳಾರಿಯ ಗುಡ್ಡಗಳಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆ ಭರದಿಂದ ಸಾಗಿದ್ದಾಗ, ಎರಡು ರಾಜ್ಯಗಳ ನಡುವಿನ ಗಡಿಯೇ ವಿವಾದಕ್ಕೆ ಬಿದ್ದಿತು. ‘ಸಮಾಜ ಪರಿವರ್ತನ ಸಮುದಾಯ’ವು 2009ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಿತು, 2011ರ ಜುಲೈ 29ರಂದು ನ್ಯಾಯಾಲಯವು ಬಳ್ಳಾರಿಯ ಗಣಿಗಾರಿಕೆಯನ್ನು ತಡೆಹಿಡಿಯಿತು. ಎಲ್ಲಿಯವರೆಗೆ ಅಗೆದಿದ್ದಾರೆ, ಎಲ್ಲಿ ಕಾಡು ಹೋಗಿದೆ ಎಂಬುದನ್ನು ನಿಶ್ಚಯಿಸುವುದರಲ್ಲಿ ನೆಲದ ಮೇಲಿನ ಸರ್ವೆಯೊಡನೆ ಉಪಗ್ರಹದಿಂದ ತೆಗೆದ ಚಿತ್ರಗಳೂ ನೆರವಿಗೆ ಬಂದವು. ಗುಡ್ಡ ಕರಗಿತೆಂದು ಬಾಯಿಮಾತಿನಲ್ಲಿ ನೂರು ಜನ ಹೇಳಿದರೂ ನಿಲ್ಲದ ವಾದ, ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟರೆ ನಿಲ್ಲುತ್ತದೆ.

ಇಷ್ಟು ಹೇಳಿದ ಮೇಲೆ ವಿದ್ಯಾರ್ಥಿಗಳಿಗೂ ಒಂದೆರಡು ಮಾತು ಹೇಳದೆ ಬಿಡಲಾರೆವು. ಹವ್ಯಾಸವು ವ್ಯಸನವಾಗುವುದಕ್ಕೆ ಹೆಚ್ಚು ಹೊತ್ತು ಬೇಡ. ಗೂಡಿನಲ್ಲಿ ಕುಳಿತ ಹಕ್ಕಿಯ ಹತ್ತಿರಕ್ಕೆ ನುಗ್ಗಿ, ಮರೆಯಾಗಿರುವ ರೆಂಬೆಯನ್ನು ಮುರಿದು ಚಿತ್ರ ತೆಗೆಯುವವನು ಪರಿಸರಪ್ರೇಮಿಯಲ್ಲ. ತಾಯಿ ಹಕ್ಕಿ ಬೆದರಿ ಹೋದ ಮೇಲೆ ಮೊಟ್ಟೆ ಬಿಸಿಲಿಗೆ ಬೇಯುತ್ತದೆ, ಕಾಗೆಯ ಪಾಲಾಗುತ್ತದೆ. ಜಿಂಕೆಯ ಹಿಂಡನ್ನು ಬೈಕಿನಲ್ಲಿ ಅಟ್ಟಿಕೊಂಡು ಹೋಗಿ ಓಡುವ ಚಿತ್ರ ಹಿಡಿಯುವುದು ಬೇಟೆಯ ಇನ್ನೊಂದು ರೂಪವೇ ಸರಿ. ಅಪರೂಪದ ಪ್ರಾಣಿ ಇರುವ ಜಾಗವನ್ನು ಊರಿಗೆಲ್ಲ ಸಾರುವುದೂ ವಿವೇಕವಲ್ಲ. ಆ ಸುದ್ದಿ ಒಳ್ಳೆಯವರ ಕಿವಿಗೆ ಮಾತ್ರ ಬೀಳುವುದೆಂದು ಹೇಳಲಾಗುವುದಿಲ್ಲ.

ಇದಕ್ಕಿಂತಲೂ ಮುಖ್ಯವಾದ ಮಾತು ಇನ್ನೊಂದಿದೆ. ಕೃಷ್ಣಮೃಗವು ಮೀಸಲು ಬಯಲಿನೊಳಗೇ ಮೇಯ್ದು ಮಲಗುವ ಪ್ರಾಣಿಯಲ್ಲ. ರಾತ್ರಿ ಬೆಳಗೆನ್ನದೆ ಸುತ್ತಲ ಹೊಲಕ್ಕೆ ಇಳಿಯುತ್ತದೆ. ರಾಗಿಯ ಪೈರನ್ನೂ ಕಡಲೆಕಾಯಿಯ ಬಳ್ಳಿಯನ್ನೂ ತಿನ್ನುತ್ತದೆ. ಒಂದೂವರೆ ಎಕರೆಯ ರೈತನಿಗೆ ಆ ನಷ್ಟ ಸಣ್ಣದಲ್ಲ. ಜಿಂಕೆಯ ಚೆಲುವನ್ನು ಮಾತ್ರ ಹಿಡಿದು, ಅದು ಮೇಯ್ದ ಹೊಲವನ್ನು ಹಿಡಿಯದ ಕ್ಯಾಮೆರಾ ಒಕ್ಕಣ್ಣಿನದು. ಆ ರೈತನ ಹೊಲದ ಚಿತ್ರವನ್ನೂ ತೆಗೆದು, ದಿನಾಂಕ ಬರೆದು, ಪರಿಹಾರದ ಅರ್ಜಿಗೆ ಲಗತ್ತಿಸಿಕೊಟ್ಟ ಹುಡುಗನ ಮಾತನ್ನು ಊರು ಕೇಳುತ್ತದೆ. ಬರಿಯ ಜಿಂಕೆಯ ಪರವಾಗಿ ಘೋಷಣೆ ಕೂಗುವವನನ್ನು ಊರು ಪಟ್ಟಣದ ನೆಂಟನಂತೆ ಕಂಡು ಬೀಳ್ಕೊಡುತ್ತದೆ. ಪ್ರಾಣಿ ಉಳಿಯುವುದು ಕಾಯ್ದೆಯ ಪುಸ್ತಕದಿಂದಲ್ಲ, ಪಕ್ಕದ ಹೊಲದವನ ಮನಸ್ಸಿನಿಂದ.

ಆ ಮನಸ್ಸು ನಮ್ಮ ಸೀಮೆಯಲ್ಲಿ ಇಲ್ಲವೆಂದು ಯಾರೂ ಹೇಳಲಾರರು. ಹಿಂದೂಪುರದ ಕಡೆ ಚಿಲಮತ್ತೂರು ಮಂಡಲದ ವೀರಾಪುರದಲ್ಲಿ ಬಣ್ಣದ ಕೊಕ್ಕರೆಗಳು ವರ್ಷವರ್ಷವೂ ಬಂದು ಊರೊಳಗಿನ ಹುಣಿಸೆಮರಗಳಲ್ಲಿ ಗೂಡುಕಟ್ಟುತ್ತವೆ. ಅವುಗಳ ಆಗಮನವನ್ನು ಊರವರು ಶುಭವೆಂದು ಬಗೆಯುತ್ತಾರೆ, ಕಲ್ಲೆಸೆಯಲು ಬಿಡುವುದಿಲ್ಲ. ಹಕ್ಕಿಗಳನ್ನು ಹೀಗೆ ಕಾಪಾಡುವಂತೆ ಅವರಿಗೆ ಯಾವ ಕಾಲೇಜೂ ಹೇಳಿಕೊಡಲಿಲ್ಲ. ಹೀಗಿರುವಾಗ ಪರಿಸರವೆಂಬುದು ಪಟ್ಟಣದ ಹುಡುಗರ ಹೊಸ ಫ್ಯಾಷನ್ನೆಂದು ಹಿರಿಯರು ಭಾವಿಸಬೇಕಾಗಿಲ್ಲ. ಅಜ್ಜ ಮಾಡಿದ್ದನ್ನೇ ಮೊಮ್ಮಗ ಮಾಡುತ್ತಿದ್ದಾನೆ. ಅಜ್ಜನು ನೆನಪಿನಲ್ಲಿಟ್ಟುಕೊಂಡನು, ಮೊಮ್ಮಗನು ಬರೆದಿಡುತ್ತಾನೆ, ಅಷ್ಟೇ ಭೇದ.

ಬರೆದಿಡುವುದಕ್ಕೆ ಕಾನೂನಿನ ಆಸರೆಯೂ ಇದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿಯೊಂದು ಪಂಚಾಯತಿಯಲ್ಲಿ ಒಂದು ಸಮಿತಿಯಿದ್ದು, ಆ ಊರಿನ ಗಿಡಮರ, ಪ್ರಾಣಿಪಕ್ಷಿ, ಬೀಜ ತಳಿಗಳನ್ನು ಊರವರ ನೆರವಿನಿಂದಲೇ ಒಂದು ದಾಖಲಾತಿ ಪುಸ್ತಕದಲ್ಲಿ ಬರೆದಿಡಬೇಕು. ಈ ಪುಸ್ತಕವನ್ನು ತುಂಬುವುದಕ್ಕೆ ಕ್ಯಾಮೆರಾ ಹಿಡಿದ ಕಾಲೇಜು ಹುಡುಗನಿಗಿಂತಲೂ, ಮನೆಮದ್ದಿನ ಗಿಡಗಳ ಹೆಸರು ಬಲ್ಲ ಅವನ ಅಜ್ಜಿಗಿಂತಲೂ ತಕ್ಕವರು ಯಾರಿದ್ದಾರೆ? ಅಜ್ಜಿ ಹೆಸರು ಹೇಳಲಿ, ಮೊಮ್ಮಗಳು ಚಿತ್ರ ತೆಗೆಯಲಿ, ಮೊಮ್ಮಗ ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಬರೆಯಲಿ. ಇದಕ್ಕಿಂತ ಒಳ್ಳೆಯ ರಜೆಯ ಕೆಲಸ ನಮಗೆ ತೋರದು.

ಉದ್ಯೋಗದ ಪ್ರಶ್ನೆಯನ್ನು ನಾವು ಮರೆಮಾಚುವುದಿಲ್ಲ. ಚಿತ್ರ ತೆಗೆಯುವುದರಿಂದ ಎಲ್ಲರಿಗೂ ಅನ್ನ ಹುಟ್ಟದು. ಪರೀಕ್ಷೆಯ ತಿಂಗಳುಗಳಲ್ಲಿ ಕ್ಯಾಮೆರಾ ಗೂಟದಲ್ಲಿ ತೂಗಲಿ. ಸಂಘದ ಸಭೆ ಕಾಯಲಿ. ಆದರೆ ಒಂದು ವಸ್ತುವನ್ನು ನಿಧಾನವಾಗಿ ನೋಡುವುದು, ಎಣಿಸುವುದು, ಕಂಡುದನ್ನಷ್ಟೇ ಬರೆಯುವುದು, ಬರೆದುದನ್ನು ಅಧಿಕಾರಿಯ ಮುಂದೆ ವಿನಯದಿಂದಲೂ ಧೈರ್ಯದಿಂದಲೂ ನಿಂತು ಹೇಳುವುದು ಎಂಬ ನಾಲ್ಕು ಗುಣಗಳನ್ನು ಕಲಿತವನು ಯಾವ ವೃತ್ತಿಗೆ ಹೋದರೂ ಕೆಡಲಾರನು. ಈ ನಾಲ್ಕನ್ನು ಕಲಿಸುವುದಕ್ಕೆ ಶಾಲೆಗಳು ಹೆಣಗುತ್ತಿವೆ. ಬಯಲೊಂದು ಪುಕ್ಕಟೆಯಾಗಿ ಕಲಿಸುತ್ತಿರುವಾಗ ನಾವು ಅಡ್ಡಗಾಲು ಹಾಕುವುದೇಕೆ?

ಆದುದರಿಂದ ತಂದೆತಾಯಿಗಳಲ್ಲಿ ನಮ್ಮ ಬಿನ್ನಹ ಇಷ್ಟೆ. ರಜೆಗೆ ಮನೆಗೆ ಬಂದ ಮಗನನ್ನೋ ಮಗಳನ್ನೋ ಊರಿನ ಕೆರೆಯ ಏರಿಯ ಮೇಲೆ ಕರೆದುಕೊಂಡು ಹೋಗಿರಿ. ಕೆರೆ ತುಂಬಿದ ವರ್ಷ ನೀರು ಎಲ್ಲಿಯವರೆಗೆ ನಿಂತಿತ್ತು, ಯಾವ ಮರದಲ್ಲಿ ಯಾವ ಹಕ್ಕಿ ಕೂರುತ್ತಿತ್ತು, ಒತ್ತುವರಿ ಯಾವ ಕಡೆಯಿಂದ ಆರಂಭವಾಯಿತು ಎಂಬುದನ್ನು ನಿಮಗೆ ತಿಳಿದಷ್ಟು ಹೇಳಿರಿ. ಅಲ್ಲಿ ನಿಂತು ಒಂದು ಚಿತ್ರ ತೆಗೆಯಲು ಹೇಳಿರಿ. ಮುಂದಿನ ವರ್ಷ ಅದೇ ದಿನ, ಅದೇ ಕಲ್ಲಿನ ಬಳಿ ನಿಂತು ಮತ್ತೊಂದನ್ನು ತೆಗೆಯಲಿ. ಎರಡು ಚಿತ್ರಗಳ ನಡುವೆ ಕಾಣುವ ವ್ಯತ್ಯಾಸವೇ ಪಂಚಾಯತಿಗೆ ಕೊಡಬೇಕಾದ ಅರ್ಜಿಯ ಮೊದಲ ವಾಕ್ಯವಾಗುತ್ತದೆ.